ಹುಲಿಗೆಪ್ಪನ ದಿನ್ನಿ

ಗಾಳೆಮ್ಮ ತನ್ನ ಗಂಡನಿಗೆ ಕಡೆಯದಾಗಿ ಹೇಳಿದ ಮಾತು ಅವನ ಹೆಸರು. ಹುಲಿಗೆಪ್ಪಾ ಎಂದಳು. ಅಷ್ಟೇ. ಹದಿಮೂರು ವರ್ಷದ ಸಂಸಾರದಲ್ಲಿ ಅದಕ್ಕೆ ಮೊದಲು ಒಂದು ಸಲವೂ ಅವಳು ಆ ಹೆಸರನ್ನು ಬಾಯಿಗೆ ತಂದಿರಲಿಲ್ಲ. ಅವಳು ನಿಂತು ಕೂಗಿದ ಜಾಗ ಈ ದಿನ್ನಿ. ಅದಕ್ಕೇ ಇದನ್ನು ಹುಲಿಗೆಪ್ಪನ ದಿನ್ನಿ ಎನ್ನುತ್ತಾರೆ.

ಕೆಂಚನಾಳದಿಂದ ಮೂಡಣ ದಿಕ್ಕಿಗೆ ಒಂದು ಮೈಲಿ ನಡೆದರೆ ಈ ದಿನ್ನಿ ಸಿಗುತ್ತದೆ. ದೊಡ್ಡದಲ್ಲ. ಎರಡು ಆಳೆತ್ತರ ಇದ್ದೀತು. ಸುತ್ತ ಕಪ್ಪು ಎರೆ ಹೊಲ, ನಡುವೆ ಈ ಒಂದು ಕೆಂಪು ಮಸಾರಿ ಮಣ್ಣಿನ ಗುಡ್ಡೆ. ಅದರಾಚೆ ಉದ್ದಕ್ಕೆ ಒಂದು ಬಯಲಿದೆ. ಅಲ್ಲಿ ಹುಲ್ಲು ಸರಿಯಾಗಿ ಬರುವುದಿಲ್ಲ, ನೇಗಿಲೂ ಇಳಿಯುವುದಿಲ್ಲ. ಹಿಂದೆ ಅಲ್ಲಿ ಕಲ್ಲಿನ ಗುಂಡು ಎಳೆದು ನೆಲವನ್ನು ಅಷ್ಟು ಗಟ್ಟಿ ಮಾಡಿದ್ದರು. ದಿನ್ನಿಯ ನೆತ್ತಿಯಲ್ಲಿ ಹಾಸಿದಂತೆ ಒಂದು ಬಂಡೆ. ಬಂಡೆಯ ಮೇಲೆ ಸುಣ್ಣದಲ್ಲಿ ನಾಲ್ಕು ಅಕ್ಷರ. ಒಂದೊಂದೂ ಮೊಳದುದ್ದ. ಹುಲಿಗೆಪ ಎಂದಿದೆ. ಪ ಅಕ್ಷರದ ಕೆಳಗೆ ಒತ್ತು ಇಲ್ಲ. ಹೊಸಬರು ಬಂದರೆ, ಇಲ್ಲಿ ಹಿಂದೆ ಹುಲಿ ಇತ್ತೇ ಎಂದು ಕೇಳುತ್ತಾರೆ. ಇರಲಿಲ್ಲ. ಕೆಲವರು ಹುಲಿಗೆಪ್ಪ ಎಂಬವನು ಇಲ್ಲಿ ಸತ್ತಿರಬೇಕು ಎಂದು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೆ. ಅವನೂ ಇಲ್ಲಿ ಸಾಯಲಿಲ್ಲ. ಇನ್ನೊಂದು ವಿಚಿತ್ರ ಉಂಟು. ಈ ಕಡೆಯ ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಆದರೆ ಹೊಲಕ್ಕೆ ಬುತ್ತಿ ಒಯ್ಯುವಾಗ ಈ ದಿನ್ನಿ ಹತ್ತಿದರೆ, ಇಲ್ಲಿ ನಿಂತು ಗಂಡನ ಹೆಸರು ಹಿಡಿದು ಕೂಗುತ್ತಾರೆ. ಇಲ್ಲಿ ಕೂಗಿದರೆ ತಪ್ಪಿಲ್ಲ ಎನ್ನುತ್ತಾರೆ. ಇಳಿದ ಮೇಲೆ ಮತ್ತೆ ಏನ್ರೀ ಎಂದೇ ಕರೆಯುವುದು.

ಹಿಂದೆ ಒಮ್ಮೆ, ಐವತ್ತಕ್ಕೂ ಹೆಚ್ಚು ವರ್ಷದ ಮಾತು, ಈ ಸೀಮೆಯ ಹತ್ತಿಗೆ ಹುಳ ಬಿತ್ತು. ಕೈಯಿಂದ ಔಷಧ ಹೊಡೆದು ಮುಗಿಯುವಂತಿರಲಿಲ್ಲ. ಯಾವುದೋ ಕಂಪನಿಯವರು ಬಂದು ವಿಮಾನದಿಂದ ಹೊಡೆಯುತ್ತೇವೆ ಎಂದರು. ದಿನ್ನಿಯ ಆಚೆಯ ಬಯಲನ್ನು ಸಮ ಮಾಡಿ, ಗುಂಡು ಎಳೆದು, ಎರಡೂ ಅಂಚಿಗೆ ಸುಣ್ಣದ ಗೆರೆ ಹಾಕಿದರು. ವಿಮಾನ ಚಿಕ್ಕದು. ಹಳದಿ ಬಣ್ಣ. ಅದರೊಳಗೆ ಒಬ್ಬನೇ ಕೂರಬಹುದು. ಹಾರಿಸುವವನು ಉತ್ತಯ್ಯ ಎಂಬ ಕೊಡಗಿನ ಹುಡುಗ, ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು. ಕನ್ನಡವನ್ನು ಪುಸ್ತಕದಂತೆ ಆಡುತ್ತಿದ್ದ. ಕೂಲಿಯವರಿಗೂ ನೀವು ಎನ್ನುತ್ತಿದ್ದ. ಅದಕ್ಕೆ ಊರಿನವರು ಮೊದಲು ನಕ್ಕರು, ಆಮೇಲೆ ಒಗ್ಗಿದರು. ಬಯಲು ಕಾಯುವ ಕೆಲಸ ಹುಲಿಗೆಪ್ಪನಿಗೆ ಸಿಕ್ಕಿತು. ದನ ಕುರಿ ಬರದಂತೆ ನೋಡುವುದು, ಗಾಳಿಗೆ ಅಳಿಸಿದ ಸುಣ್ಣದ ಗೆರೆಯನ್ನು ಮತ್ತೆ ಹಾಕುವುದು, ವಿಮಾನ ಬಂದಾಗ ಗೆರೆಯ ಹೊರಗೆ ನಿಲ್ಲುವುದು. ಇವನ ಜೊತೆ ಇನ್ನು ಮೂವರು ಇದ್ದರು. ಅವರು ಬಾವಿಯಿಂದ ಪಂಪು ಹಚ್ಚಿ ಔಷಧಕ್ಕೆ ನೀರು ತುಂಬುವವರು. ನಾಲ್ವರ ಹೆಂಡಂದಿರೂ ಬುತ್ತಿ ಹೊತ್ತಿಗೆ ದಿನ್ನಿ ಹತ್ತಿ ಬರುತ್ತಿದ್ದರು. ನಾಲ್ವರೂ ಮೇಲೆ ನಿಂತು ಏನ್ರೀ ಎಂದು ಕೂಗುತ್ತಿದ್ದರು. ಯಾರು ಯಾರನ್ನು ಕರೆದರು ಎಂದು ತಿಳಿಯದೆ ಮೊದಮೊದಲು ನಾಲ್ಕು ಗಂಡಸರೂ ತಲೆ ಎತ್ತುತ್ತಿದ್ದರು. ಹದಿನೈದು ದಿನ ಕಳೆದ ಮೇಲೆ ಯಾರೂ ಎತ್ತುತ್ತಿರಲಿಲ್ಲ. ಹೇಗೂ ಇಳಿದು ಬರುತ್ತಾರಲ್ಲ ಎಂದು ಕೆಲಸ ಮಾಡುತ್ತಿದ್ದರು.

ಗಾಳೆಮ್ಮನ ಹಟ ಉಳಿದ ಹೆಂಗಸರಿಗಿಂತ ಒಂದು ಕೈ ಮೇಲು. ಮದುವೆಯಾಗಿ ಬಂದ ದಿನ ಬಾಗಿಲಲ್ಲಿ ಹೆಸರು ಹೇಳಿಸುವುದು ರೂಢಿ. ಆ ಒಂದು ಸಲ ಹೇಳಿದರೆ ದೋಷವಿಲ್ಲ. ಹುಲಿಗೆಪ್ಪನ ಅಕ್ಕ ಯಮನವ್ವ ಹೊಸ್ತಿಲಿಗೆ ಅಡ್ಡ ನಿಂತು, "ಹೆಸರು ಹೇಳು, ಆಮ್ಯಾಲೆ ಒಳಗ ಬಾ," ಎಂದಳು. ಗಾಳೆಮ್ಮ ತಲೆ ತಗ್ಗಿಸಿಕೊಂಡೇ, "ಹೊಳಿ ದಂಡಿ ತಾಯಿ ಯಾರಿಗೆ ತನ್ನ ಹೆಸರು ಕೊಟ್ಟಾಳೋ ಅವರ ಮನಿಗೆ ಬಂದೀನಿ, ದಾರಿ ಬಿಡ್ರಿ ಅತ್ತಿಗಿ," ಎಂದಳು. "ಇದು ಹೆಸರಲ್ಲವ್ವ, ದಾರಿ ತೋರಿಸಿದಂಗಾತು!" ಎಂದು ಯಮನವ್ವ ನಕ್ಕು ದಾರಿ ಬಿಟ್ಟಳು. ಹುಲಿಗೆಪ್ಪನಿಗೆ ಹೆಸರಿಟ್ಟದ್ದು ಹೊಳೆ ದಂಡೆಯ ಹುಲಿಗಿ ಊರಿನ ಅಮ್ಮನ ಮೇಲೆ. ಆ ಅಮ್ಮನಿಗೆ ಹರಕೆ ಹೊತ್ತರೂ ಗಾಳೆಮ್ಮ ಹೊಳೆ ದಂಡೆ ತಾಯಿ ಎಂದೇ ಹೇಳುತ್ತಿದ್ದಳು. ಹುಲಿ ಎಂಬ ಮಾತೇ ಅವಳ ಬಾಯಲ್ಲಿ ಇರಲಿಲ್ಲ. ಒಮ್ಮೆ ಮತದಾರರ ಪಟ್ಟಿ ಬರೆಯುವವನು ಬಂದು ಗಂಡನ ಹೆಸರೇನು ಎಂದು ಕೇಳಿದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇವಳು, "ಅಡವ್ಯಾಗ ಇರತೈತಲ್ರಿ, ದನಾ ಹಿಡಿಯೋದು, ಅದು," ಎಂದಳು. ಅವನು ಬರೆದುಕೊಂಡು ಹೋದ. ಐದು ವರ್ಷ ಆ ಪಟ್ಟಿಯಲ್ಲಿ ಹುಲಿಗೆಪ್ಪನ ಹೆಸರು ಚಿರತಪ್ಪ ಎಂದಿತ್ತು. ಊರಿನವರು ಅವನನ್ನು ಹಾಗೇ ಕರೆದು ಕಾಡುತ್ತಿದ್ದರು. ಹುಲಿಗೆಪ್ಪ ಒಂದೆರಡು ಸಲ ಹೆಂಡತಿಯನ್ನು ಕೇಳಿದ್ದುಂಟು, ಒಮ್ಮೆ ಅಂದರೆ ಏನಾಗುತ್ತದೆ ಎಂದು. ಹೆಂಡತಿ ಹೆಸರು ಹೇಳಿದಷ್ಟು ಸಲ ಗಂಡನ ಆಯುಷ್ಯ ಸವೆಯುತ್ತದೆ ಎಂಬುದು ಅವಳ ತವರಿನ ನಂಬಿಕೆ. "ನನ್ನ ಬಾಯಿಂದ ಯಾಕ ಸವಸ್ಲಿ," ಎಂದಳು. ಅವನೂ ಬಿಟ್ಟ. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಇಬ್ಬರೇ. ಇಬ್ಬರೇ ಇರುವ ಮನೆಯಲ್ಲಿ ಹೆಸರು ಬೇಕಾಗುವುದೂ ಇಲ್ಲ.

ಉತ್ತಯ್ಯನಿಗೆ ಈ ಸಂಗತಿ ತಿಳಿದು ಅವನಿಗೂ ಅದೊಂದು ಆಟವಾಯಿತು. "ಏನಮ್ಮ, ಯಜಮಾನರ ಹೆಸರು ಹೇಳಿಬಿಡಿ, ವಿಮಾನದಲ್ಲಿ ಒಂದು ಸುತ್ತು ಹಾಕಿಸುತ್ತೇನೆ," ಎನ್ನುತ್ತಿದ್ದ. ಗಾಳೆಮ್ಮ ರೊಟ್ಟಿ ಬಿಚ್ಚುತ್ತ, "ಇರೋದ ಒಂದ ಕುರ್ಚಿ. ನನ್ನನ್ನ ಏನು ಔಷಧದ ಟಾಕ್ಯಾಗ ಕೂಡಸ್ತೀರೇನು? ನಿಮ್ಮ ಸುತ್ತೂ ಬ್ಯಾಡ, ನಿಮ್ಮ ಆಸೀನೂ ಬ್ಯಾಡ. ನಮ್ಮವರು ನೂರು ವರ್ಷ ಇರ್ಲಿ," ಎನ್ನುತ್ತಿದ್ದಳು. ಅವನಿಗಾಗಿ ದಿನವೂ ಎರಡು ರೊಟ್ಟಿ ಹೆಚ್ಚು ಬಡಿಯುತ್ತಿದ್ದಳು. ಗುರೆಳ್ಳು ಚಟ್ನಿ ಅವನಿಗೆ ಹಿಡಿಸಿತ್ತು. ಒಂದು ಶನಿವಾರ, ಅವನು ವಿಮಾನವನ್ನು ರಿಪೇರಿಯವರಿಗೆ ತೋರಿಸಿಕೊಂಡು ಬರಲು ಪಟ್ಟಣಕ್ಕೆ ಹೊರಟಾಗ, ದಾರಿಗೆ ಇರಲಿ ಎಂದು ಅಲ್ಯುಮಿನಿಯಂ ಡಬ್ಬಿಯಲ್ಲಿ ಚಟ್ನಿ ತುಂಬಿ ಕೊಟ್ಟಳು. ಅವನು ಡಬ್ಬಿ ಇಸಿದುಕೊಂಡು, ಸೋಮವಾರ ತೊಳೆದು ತಂದುಕೊಡುತ್ತೇನೆ ಎಂದ. ಆಗ ಹುಲಿಗೆಪ್ಪ ಒಂದು ಮಾತು ಹೇಳಿದ. ಸುಮ್ಮನೆ ಹೇಳಿದ, ನಗುತ್ತಲೇ. "ಬರೇ ಡಬ್ಬಿ ಹೊಳ್ಳಿ ಕೊಡಬಾರದ್ರಿ ಸಾಹೇಬ್ರ. ನಮ್ಮ ಕಡೆ ಏನರ ಹಾಕಿ ಕೊಡ್ತಾರ. ಒಂದು ಚಿಟಿಕಿ ಸಕ್ರಿ ಆದ್ರೂ." ಉತ್ತಯ್ಯ ಆಗಲಿ ಎಂದ. ಈ ಮಾತನ್ನು ಆಡಬಾರದಿತ್ತು ಎಂದು ಹುಲಿಗೆಪ್ಪ ಆಮೇಲೆ ಯಾರ ಮುಂದೂ ಹೇಳಲಿಲ್ಲ. ಆದರೆ ಅವನು ಇದ್ದಷ್ಟು ಕಾಲ ಅವನ ಮನೆಯಿಂದ ಯಾರೂ ಪಾತ್ರೆ ಒಯ್ದು ವಾಪಸು ತಂದದ್ದಿಲ್ಲ. ಕೊಟ್ಟರೆ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದ.

ಅದೇ ಶನಿವಾರ ಇನ್ನೊಂದು ನಡೆಯಿತು. ಹುಲಿಗೆಪ್ಪ ಎಂದೂ ಶಾಲೆಗೆ ಹೋದವನಲ್ಲ, ಹೆಬ್ಬೆಟ್ಟು ಒತ್ತುವವನು. ಗಾಳಿ ನಿಲ್ಲಲಿ ಎಂದು ಕಾಯುವ ಹೊತ್ತಿನಲ್ಲಿ ಉತ್ತಯ್ಯ ಅವನಿಗೆ ಹೆಸರು ಬರೆಯಲು ಕಲಿಸುತ್ತಿದ್ದ. ನೆಲದಲ್ಲಿ ಕಡ್ಡಿಯಿಂದ ಗೀರಿ, ಗೀರಿದ ಕಡೆ ಸುಣ್ಣದ ಪುಡಿ ತುಂಬುವುದು. ಹು ಬರಲು ನಾಲ್ಕು ದಿನ ಹಿಡಿಯಿತು. ಲಿ ಬೇಗ ಬಂತು. ಆ ಶನಿವಾರ ಪ ತನಕ ಬಂದರು. ಉತ್ತಯ್ಯ ಗಡಿಯಾರ ನೋಡಿಕೊಂಡು, "ಇದರ ಕೆಳಗೆ ಒಂದು ಒತ್ತು ಬರಬೇಕು. ಸೋಮವಾರ ಬಂದು ಅದನ್ನೂ ಹೇಳಿಕೊಡುತ್ತೇನೆ, ಅಲ್ಲಿಗೆ ನಿಮ್ಮ ಹೆಸರು ಪೂರ್ತಿ," ಎಂದು ಹೇಳಿ ಹಾರಿಹೋದ. ಗಾಳೆಮ್ಮ ಬುಟ್ಟಿ ಎತ್ತಿಕೊಂಡು ಬಂದು ನೋಡಿದಳು. ಇದು ಏನು ಎಂದಳು. ನನ್ನ ಹೆಸರು ಎಂದ. ಅವಳು ನಿಂತು ಒಂದು ತುದಿಯಿಂದ ಇನ್ನೊಂದು ತುದಿಯ ತನಕ ನೋಡಿದಳು. "ಇಷ್ಟುದ್ದ ಐತೇನು?" ಎಂದಳು. ಆಮೇಲೆ, "ಹೇಳಬಾರದು ಅಂತ ಐತಿ. ನೋಡಬಾರದು ಅಂತೇನಿಲ್ಲಲ್ಲ," ಎಂದಳು. ಅದನ್ನು ತುಳಿಯದಂತೆ ಸುತ್ತಿಕೊಂಡು ಮನೆಗೆ ಹೋದಳು.

ಸೋಮವಾರ ಪಡುವಣ ಗಾಳಿ ಜೋರಾಗಿತ್ತು. ರಾತ್ರಿಯ ಗಾಳಿಗೆ ಗೆರೆ ಅಳಿಸಿತ್ತು. ಹುಲಿಗೆಪ್ಪ ಸುಣ್ಣದ ಬುಟ್ಟಿ ಹಿಡಿದು, ಬಯಲಿನ ಅಂಚಿಗೆ ಬೆನ್ನು ಬಗ್ಗಿಸಿ, ದಿನ್ನಿಯ ಕಡೆ ಮುಖ ಮಾಡಿ ಗೆರೆ ಹಾಕುತ್ತ ಬರುತ್ತಿದ್ದ. ಗೆರೆಯ ಹೊರಗೇ ಇದ್ದ. ಪಂಪು ಓಡುತ್ತಿತ್ತು. ನೀರಿನವರು ಮೂವರೂ ಅಲ್ಲೇ ಇದ್ದರು. ವಿಮಾನ ಮೂಡಣದಿಂದ ಬಂತು. ಗಾಳಿ ಎದುರಿನದಾದ್ದರಿಂದ ಅದರ ಸದ್ದು ಹಿಂದಕ್ಕೆ ಹೋಯಿತು. ದಿನವೂ ಉತ್ತಯ್ಯ ಬಯಲಿನ ಮೇಲೆ ಒಂದು ಸುತ್ತು ಹಾಕಿ, ಕೆಳಗಿನವರು ನೋಡಿದರೆಂದು ತಿಳಿದ ಮೇಲೆ ಇಳಿಯುತ್ತಿದ್ದ. ಅಂದು ಸುತ್ತು ಹಾಕಲಿಲ್ಲ. ಡಬ್ಬಿಯನ್ನು ಬರಿದೆ ಕೊಡಬಾರದೆಂದು ಅವನು ಪಟ್ಟಣದಲ್ಲಿ ಪೆಪ್ಪರಮಿಂಟು ತುಂಬಿಸಿಕೊಂಡಿದ್ದ. ಮಗ್ಗುಲಲ್ಲಿಟ್ಟ ಡಬ್ಬಿ ಇಳಿಯುವ ಹೊತ್ತಿಗೆ ಉರುಳಿತು. ಮುಚ್ಚಳ ಬಿಚ್ಚಿ ಪೆಪ್ಪರಮಿಂಟು ಕಾಲಡಿ ಚೆಲ್ಲಿದವು. ಅವನ ಲಕ್ಷ್ಯ ಅಲ್ಲಿಗೆ ಹೋಯಿತು. ಸುತ್ತು ಹಾಕುವುದು ಮರೆತ. ನೆಲ ಹತ್ತಿರ ಬಂದರೂ ಬಗ್ಗಿ ಡಬ್ಬಿ ಹುಡುಕುತ್ತಿದ್ದ. ಹತ್ತು ಎಣಿಸುವಷ್ಟು ಹೊತ್ತು ಇದ್ದೀತು. ಅಷ್ಟರಲ್ಲಿ ವಿಮಾನ ಗೆರೆ ಬಿಟ್ಟು, ಹುಲಿಗೆಪ್ಪ ಇದ್ದ ಅಂಚಿನ ಕಡೆಗೆ ವಾಲಿಕೊಂಡು ಬಂತು.

ಅದನ್ನು ಕಂಡವಳು ಗಾಳೆಮ್ಮ ಒಬ್ಬಳೇ. ಬುತ್ತಿ ಬುಟ್ಟಿ ಹೊತ್ತು ಆಗತಾನೆ ದಿನ್ನಿಯ ನೆತ್ತಿಗೆ ಬಂದಿದ್ದಳು. ಮೊದಲು ಏನ್ರೀ ಎಂದು ಕೂಗಿದಳು. ಗಾಳಿ ಅವಳ ಬೆನ್ನಿನ ಕಡೆಯಿಂದ ಇತ್ತು, ಕೂಗು ನೆಟ್ಟಗೆ ಬಯಲಿಗೆ ಬಂತು. ನಾಲ್ಕು ಗಂಡಸರಿಗೂ ಕೇಳಿಸಿತು. ನಾಲ್ವರಲ್ಲಿ ಯಾರೂ ತಲೆ ಎತ್ತಲಿಲ್ಲ. ಇಕಾ ಏನ್ರೀ, ಇಲ್ಲಿ ನೋಡ್ರೀ ಎಂದು ಇನ್ನೊಮ್ಮೆ ಕೂಗಿದಳು. ಅದೂ ಕೇಳಿಸಿತು. ನೀರಿನವರ ಪೈಕಿ ಯಾರದೋ ಹೆಂಡತಿ ಇಂದು ಬೇಗ ಬಂದಳು ಎಂದು ಹುಲಿಗೆಪ್ಪ ಅಂದುಕೊಂಡ. ಹಿಡಿ ಸುಣ್ಣ ತೆಗೆದು ಗೆರೆಗೆ ಹಾಕಿದ. ಕೇಳಿಸಿತ್ತು, ಎರಡು ಸಲ ಕೇಳಿಸಿತ್ತು, ಎಂದು ಅವನು ಇದನ್ನು ಹೇಳುವಾಗೆಲ್ಲ ಹೇಳುತ್ತಿದ್ದ. ಆ ಮಾತನ್ನು ಒಂದು ಸಲವೂ ಬಿಟ್ಟು ಹೇಳಲಿಲ್ಲ ಎನ್ನುತ್ತಾರೆ. ಆಮೇಲೆ ಅವಳು ಬುಟ್ಟಿ ಎಸೆದು, ಎರಡೂ ಕೈ ಮೇಲೆತ್ತಿ, ಹುಲಿಗೆಪ್ಪಾ ಎಂದಳು.

ಅವನು ಎದ್ದು ನಿಂತ. ಭಯಕ್ಕಲ್ಲ. ಆ ಗಂಟಲಲ್ಲಿ ಆ ಹೆಸರನ್ನು ಅವನು ಕೇಳಿರಲಿಲ್ಲ, ಯಾರು ಕರೆದರು ಎಂದು ನೋಡಲು ಎದ್ದ. ಅವಳ ಕಣ್ಣು ತನ್ನ ಬೆನ್ನ ಹಿಂದೆ ಇದ್ದುದನ್ನು ಕಂಡು ತಿರುಗಿದ. ಹಳದಿ ಮೂತಿ ಎದುರಿಗೇ ಇತ್ತು. ಬಯಲಿನೊಳಕ್ಕೆ ಹಾರಿ ಬಿದ್ದ. ಸುಣ್ಣದ ಬುಟ್ಟಿಯ ಮೇಲೆ ಗಾಲಿ ಹೋಯಿತು. ಉತ್ತಯ್ಯ ಆಗ ತಲೆ ಎತ್ತಿದ, ತಡವಾಗಿತ್ತು. ವಿಮಾನ ನಿಲ್ಲಲಿಲ್ಲ, ನೆಲ ಉಜ್ಜಿಕೊಂಡು ಹೋಗಿ ದಿನ್ನಿಯ ಬುಡಕ್ಕೆ ಬಡಿದು ಗಿರ್ರನೆ ತಿರುಗಿತು. ಗಂಡ ಬಿದ್ದದ್ದನ್ನು ಕಂಡು ಗಾಳೆಮ್ಮ ದಿನ್ನಿ ಇಳಿದು ಓಡಿ ಬರುತ್ತಿದ್ದಳು. ತಿರುಗಿದ ರೆಕ್ಕೆಯ ತುದಿ ಅವಳಿಗೆ ತಾಗಿತು. ಹುಲಿಗೆಪ್ಪ ಹೋಗಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ನೀರಿನವನೊಬ್ಬ ಕೊಡ ಹಿಡಿದು ಓಡಿ ಬಂದ. ನೀರು ಬರುವ ಮೊದಲೇ ಜೀವ ಹೋಗಿತ್ತು. ಆ ಹೆಸರು ಕೂಗಿದ ಮೇಲೆ ಅವಳು ಬೇರೆ ಮಾತು ಆಡಿರಲಿಲ್ಲ. ಉತ್ತಯ್ಯನ ಕಾಲು ಮುರಿದಿತ್ತು. ಅವನನ್ನು ಹೊರಗೆ ಎಳೆದು ಚಕ್ಕಡಿಯಲ್ಲಿ ಮಲಗಿಸುವಾಗ, ನಾನು ಮುಂದೆ ನೋಡುತ್ತಿರಲಿಲ್ಲ, ಕೆಳಗೆ ನೋಡುತ್ತಿದ್ದೆ ಎಂದು ತಾನೇ ಎಲ್ಲರಿಗೂ ಕೇಳುವಂತೆ ಹೇಳಿದ. ಮುಚ್ಚಿಡಲಿಲ್ಲ. ಅವನು ಮತ್ತೆ ಹಾರಲಿಲ್ಲ ಎಂದು ಕೆಲವರು, ಹಾರಿದ ಎಂದು ಕೆಲವರು ಹೇಳುತ್ತಾರೆ. ಕೆಂಚನಾಳಕ್ಕೆ ಮಾತ್ರ ಬರಲಿಲ್ಲ. ಪೆಪ್ಪರಮಿಂಟು ದಿನ್ನಿಯ ಬುಡದಲ್ಲೆಲ್ಲ ಚೆಲ್ಲಿದ್ದವು. ಯಾರೂ ಮುಟ್ಟಲಿಲ್ಲ. ಇರುವೆ ಮುತ್ತಿದವು.

ಪೊಲೀಸ್ ಪಾಟೀಲ ಬಂದು ನೋಡಿ ಬರೆದುಕೊಂಡ ಮೇಲೆ, ಹೊತ್ತು ಇರುವಾಗಲೇ ಮಣ್ಣು ಮಾಡಿದರು. ನಾಳೆ ಬೆಳಿಗ್ಗೆ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದು ಎಲ್ಲ ಕೇಳುತ್ತಾರೆ, ಹೇಳಿಕೆ ಕೊಡಬೇಕು ಎಂದು ಪಾಟೀಲ ಹೇಳಿ ಹೋದ. ಓಣಿಯಲ್ಲಿ ಆಗಲೇ ಮಾತು ಹಬ್ಬಿತ್ತು. ಗಂಡನ ಹೆಸರು ಹಿಡಿದು ಕೂಗಿದಳಂತೆ, ಅವನ ಆಯುಷ್ಯಕ್ಕೆ ಬಂದದ್ದು ತಾನೇ ಹೊತ್ತುಕೊಂಡಳು ಎಂದು ಕೆಲವರು. ಬಾಯಿ ತಪ್ಪಿದ್ದಕ್ಕೆ ಶಿಕ್ಷೆಯಾಯಿತು ಎಂದು ಕೆಲವರು. ಯಮನವ್ವ ತಮ್ಮನ ಬಳಿ ಬಂದು ಕುಳಿತಳು. "ನಾಳೆ ಸಾಹೇಬ್ರು ಕೇಳಿದ್ರ, ಏನ್ರೀ ಅಂದಳು ಅನ್ನು. ಹೆಸರು ಕೂಗಿದಳು ಅನಬ್ಯಾಡ. ಕಾಗದದಾಗ ಬರದ್ರ ಅಳಸೂದಿಲ್ಲ. ಸತ್ತಾಕಿಗೆ ಯಾಕ ಹೆಸರು ಕೆಡಸ್ತಿ," ಎಂದಳು. ಒಳ್ಳೆಯದಕ್ಕೇ ಹೇಳಿದಳು. ಹುಲಿಗೆಪ್ಪ, "ಏನ್ರೀ ಅಂದಾಗ ನಾನು ಹೊಳ್ಳಿ ನೋಡಲಿಲ್ಲಕ್ಕ," ಎಂದ. ಅವಳಿಗೆ ಅದು ತಿಳಿಯಲಿಲ್ಲ. ಮರುವರ್ಷದ ಹೊತ್ತಿಗೆ ತಿಳಿಯಿತು. ದಿನ್ನಿಯ ಮೇಲೆ ನಿಂತು, ಅಂಜದೆ, ತನ್ನ ಗಂಡನ ಹೆಸರನ್ನು ಮೊದಲು ಕೂಗಿದವಳು ಯಮನವ್ವನೇ. ಆ ಗಂಡ ಹೊಲದಲ್ಲಿ ಹೌಹಾರಿ ಬಾರುಕೋಲು ಕೈಬಿಟ್ಟನಂತೆ.

ಹೆಂಡತಿ ಹೋದ ಮನೆಯಲ್ಲಿ ಬೆಳಿಗ್ಗೆ ಮೊದಲು ತಿಳಿಯುವುದು ರೊಟ್ಟಿ ಬಡಿಯುವ ಸದ್ದು ಇಲ್ಲದ್ದು. ಹುಲಿಗೆಪ್ಪ ಬೆಳಕು ಹರಿಯುವಾಗ ಎದ್ದ. ಒಂದು ಗಡಿಗೆಯಲ್ಲಿ ಸುಣ್ಣ ಕಲಸಿದ. ಪುಂಡಿ ನಾರು ಜಜ್ಜಿ ಕುಂಚ ಮಾಡಿಕೊಂಡ. ದಿನ್ನಿ ಹತ್ತಿ, ಅವಳು ನಿಂತಿದ್ದ ಬಂಡೆಯ ಮೇಲೆ ಮಂಡಿಯೂರಿ ಬರೆದ. ಅವಳ ಹೆಸರು ಬರೆಯಲು ಅವನಿಗೆ ಬರುತ್ತಿರಲಿಲ್ಲ. ಅವನಿಗೆ ಬರೆಯಲು ಬರುತ್ತಿದ್ದುದು ಒಂದೇ ಮಾತು, ಅವಳು ಕಡೆಗೆ ಆಡಿದ್ದೂ ಅದೇ. ಹು, ಲಿ, ಗೆ, ಪ. ಪ ಅಕ್ಷರದ ಕೆಳಗೆ ಒಂದು ಗೇಣು ಜಾಗ ಬಿಟ್ಟ. ಅಲ್ಲಿ ಬರುವ ಒತ್ತು ಹೇಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಆ ಗೇಣು ಜಾಗ ಈಗಲೂ ಬರಿದಾಗಿದೆ. ವರ್ಷಕ್ಕೊಮ್ಮೆ ಊರಿನವರು ಅಕ್ಷರಗಳಿಗೆ ಸುಣ್ಣ ತುಂಬುತ್ತಾರೆ, ಓದಿದವರೂ ತುಂಬುತ್ತಾರೆ. ಒತ್ತು ಮಾತ್ರ ಯಾರೂ ಹಾಕಿಲ್ಲ.

ಬಿಸಿಲೇರುವ ಮೊದಲು ಜೀಪು ಬಂತು. ಸಾಹೇಬ ಮುರಿದ ವಿಮಾನ ನೋಡಿ, ಅಳತೆ ಹಿಡಿಸಿ, ದಿನ್ನಿ ಹತ್ತಿ ಬಂದು, "ನಿನ್ನ ಹೆಂಡತಿ ಏನಂತ ಕೂಗಿದಳು?" ಎಂದು ಕೇಳಿದ. ಯಮನವ್ವ ಸೆರಗು ಬಾಯಿಗೆ ಹಿಡಿದು ತಮ್ಮನನ್ನೇ ನೋಡುತ್ತಿದ್ದಳು. ಹುಲಿಗೆಪ್ಪ ಬಂಡೆ ತೋರಿಸಿ, "ಓದ್ಕೊಳ್ರಿ," ಎಂದ. ಸಾಹೇಬ ಓದಿದ. "ಯಾರಿದು?" ಎಂದ. "ನಾನಽ ರೀ," ಎಂದ. ಸಾಹೇಬ ಕಾಗದದಲ್ಲಿ ಅದನ್ನು ಬರೆದುಕೊಂಡ. ಆಮೇಲೆ ಹುಲಿಗೆಪ್ಪ ಪಂಪಿನ ಹತ್ತಿರದ ಚೀಲದಿಂದ ಒಂದು ಹಳೆಯ ಬುಟ್ಟಿಗೆ ಸುಣ್ಣದ ಪುಡಿ ತುಂಬಿಕೊಂಡು, ಹಿಂದಿನ ದಿನ ಗೆರೆ ಅರ್ಧಕ್ಕೆ ನಿಂತಿದ್ದ ಕಡೆ ಹೋದ. ಇನ್ನು ಇಳಿಯಲು ವಿಮಾನ ಇರಲಿಲ್ಲ. ಅವನು ಬಗ್ಗಿ ಗೆರೆ ಹಾಕುತ್ತ ಬಂದ. ಹತ್ತು ಹೆಜ್ಜೆಗೊಮ್ಮೆ ಎದ್ದು ನಿಂತು, ದಿನ್ನಿಯ ಕಡೆ ತಲೆ ಎತ್ತಿ ನೋಡಿದ.